ಹಳೆಯ ಪ್ಲೇಟಿನ ಅಂಗಡಿಯೂ ನಮ್ಮ ಋಣವೂ

ಕಳೆದ ಕಾರ್ತಿಕ ಮಾಸದ ಒಂದು ಶನಿವಾರ ನಾವು ಮೊಮ್ಮಗನನ್ನು ಜೊತೆಗೆ ಕರೆದುಕೊಂಡು ಹೊಸೂರಿನಿಂದ ಬೆಂಗಳೂರಿಗೆ ಹೋಗಿದ್ದೆವು. ಕಣ್ಣಿನ ವೈದ್ಯರನ್ನು ಕಾಣುವುದು ಮುಖ್ಯ ಕಾರ್ಯವಾಗಿತ್ತು. ಅದು ಹನ್ನೊಂದು ಗಂಟೆಯೊಳಗೆ ಮುಗಿದುದರಿಂದ, ಬಹುಕಾಲದಿಂದ ಮನಸ್ಸಿನಲ್ಲಿದ್ದ ಒಂದು ಸಣ್ಣ ಆಸೆಯನ್ನು ತೀರಿಸಿಕೊಳ್ಳೋಣವೆಂದು ಬಳೇಪೇಟೆಯ ಕಡೆಗೆ ಹೆಜ್ಜೆ ಹಾಕಿದೆವು. ಹಾರ್ಮೋನಿಯಂ, ತಬಲ, ವೀಣೆಗಳ ಅಂಗಡಿಗಳಿಗೆ ಹೆಸರಾದ ಆ ಪೇಟೆಯ ಸಮೀಪದ ಒಂದು ಓಣಿಯಲ್ಲಿ ಹಳೆಯ ಗ್ರಾಮಫೋನ್ ಪ್ಲೇಟುಗಳನ್ನು ಮಾರುವ ಅಂಗಡಿಯೊಂದು ಇನ್ನೂ ಇದೆಯೆಂದು ನಮ್ಮ ಸಂಘದ ಸದಸ್ಯರೊಬ್ಬರು ಹೇಳಿದ್ದರು. ಇದೆಯೆಂಬ ನಂಬಿಕೆ ನಮಗೆ ಇರಲಿಲ್ಲ. ಬೆಂಗಳೂರಿನಲ್ಲಿ ಇನ್ನೂ ಇದೆ ಎಂದು ಯಾರಾದರೂ ಹೇಳಿದರೆ, ಅದು ಈಗ ತಾನೇ ಹೋಯಿತೆಂದು ತಿಳಿಯಬೇಕಾದ ಕಾಲವಿದು.

ಅಂಗಡಿ ಇತ್ತು. ಅಗಲ ಎಂಟು ಅಡಿ ಇದ್ದೀತು, ಉದ್ದ ಮಾತ್ರ ಒಳಗೊಳಗೇ ಹೋಗುತ್ತಿತ್ತು. ಎರಡೂ ಬದಿಯ ಗೋಡೆಗಳಿಗೆ ನೆಲದಿಂದ ಚಾವಣಿಯವರೆಗೆ ಮರದ ಗೂಡುಗಳು. ಅವುಗಳಲ್ಲಿ ಪ್ಲೇಟುಗಳು ಪುಸ್ತಕಗಳಂತೆ ನೆಟ್ಟಗೆ ನಿಂತಿದ್ದವು. ಒಂದರ ಮೇಲೊಂದು ಮಲಗಿಸಿ ಇಟ್ಟರೆ ಕೆಳಗಿನದು ಭಾರಕ್ಕೆ ಬಾಗುತ್ತದಂತೆ, ಒಡೆಯುವುದೂ ಉಂಟಂತೆ. ನುಸಿಗುಳಿಗೆಯ ವಾಸನೆ, ಹಳೆಯ ಕಾಗದದ ವಾಸನೆ, ಯಂತ್ರದ ಎಣ್ಣೆಯ ವಾಸನೆ ಮೂರೂ ಬೆರೆತಿದ್ದವು. ಬಾಗಿಲ ಬಳಿಯ ಪುಟ್ಟ ಮೇಜಿನ ಮೇಲೆ ಬಿಚ್ಚಿಟ್ಟ ಒಂದು ಪೆಟ್ಟಿಗೆ, ಅದರ ಕರುಳಿನಂತಹ ಸ್ಪ್ರಿಂಗು, ತಗಡಿನ ಡಬ್ಬಿಯಲ್ಲಿ ಮುಳ್ಳುಗಳು. ಮೇಜಿನ ಹಿಂದೆ ಕುಳಿತಿದ್ದವರು ಅರುವತ್ತು ದಾಟಿದ ವ್ಯಕ್ತಿ. ತಂದೆ ಇಟ್ಟ ಅಂಗಡಿ, ಮಗ ನಡೆಸುತ್ತಿದ್ದಾರೆ. ಅವರ ಮಗ ನಡೆಸುವುದಿಲ್ಲವೆಂಬುದನ್ನು ನಾವು ಕೇಳುವ ಮೊದಲೇ ಅವರು ಹೇಳಿದರು.

ನಾವು ಹೊಸೂರಿನವರೆಂದು ತಿಳಿಸಿದೊಡನೆ ಅವರು ಎದ್ದು, ಗೂಡೊಂದರಿಂದ ದೊಡ್ಡ ಎಲ್‌ಪಿಯೊಂದನ್ನು ತೆಗೆದು ತೋರಿಸಿದರು. 1966ರ ಅಕ್ಟೋಬರಿನಲ್ಲಿ ಎಂ. ಎಸ್. ಸುಬ್ಬುಲಕ್ಷ್ಮಿಯವರು ವಿಶ್ವಸಂಸ್ಥೆಯಲ್ಲಿ ನಡೆಸಿದ ಕಛೇರಿಯದು. ಅಂದು ಅವರು ಹಾಡಿದ ಇಂಗ್ಲಿಷ್ ಪ್ರಾರ್ಥನೆಯನ್ನು ರಚಿಸಿದವರು ರಾಜಾಜಿ. ಹೊಸೂರಿನ ಪಕ್ಕದ ತೊರಪಳ್ಳಿಯಲ್ಲಿ 1878ರಲ್ಲಿ ಹುಟ್ಟಿದವರು. "ನಿಮ್ಮೂರಿನವರದು ಸಾರ್" ಎಂದು ಅವರು ಅದನ್ನು ಮತ್ತೆ ಒರೆಸಿ ಒಳಗಿಟ್ಟರು. ನಮ್ಮ ಊರಿನ ಈ ಹೆಮ್ಮೆಯನ್ನು ನಮಗೆ ನೆನಪಿಸಲು ಬಳೇಪೇಟೆಯ ಅಂಗಡಿಕಾರರು ಬೇಕಾಯಿತಲ್ಲ ಎಂದು ಒಂದು ಕ್ಷಣ ಸಂಕೋಚವಾಯಿತು.

ನಾವು ಹುಡುಕಿಕೊಂಡು ಹೋದದ್ದು ಬಿ. ಎಸ್. ರಾಜಯ್ಯಂಗಾರ್ಯರು ಹಾಡಿದ ಪುರಂದರದಾಸರ 'ಜಗದೋದ್ಧಾರನ'. ಅದು ನಮ್ಮ ತಂದೆಯವರಲ್ಲಿದ್ದ ಪ್ಲೇಟು. ಡೆಂಕಣಿಕೋಟೆಯ ನಮ್ಮ ಹಳೆಯ ಮನೆಯ ಜಗಲಿಯ ಮೇಲೆ ಸಂಜೆ ದೀಪ ಹಚ್ಚಿದ ಬಳಿಕ ತಂದೆಯವರು ಪೆಟ್ಟಿಗೆಯನ್ನು ತಂದಿಟ್ಟು, ಕೈಹಿಡಿಯನ್ನು ಎಣಿಸಿ ತಿರುಗಿಸಿ, ಹೊಸ ಮುಳ್ಳು ಹಾಕಿ, ಪ್ಲೇಟನ್ನು ಅಂಗವಸ್ತ್ರದ ತುದಿಯಿಂದ ಒರೆಸಿ ಇಡುತ್ತಿದ್ದರು. ಒಂದು ಮುಳ್ಳು ಒಂದೇ ಸಲಕ್ಕೆ. ಎರಡನೆಯ ಸಲ ಅದನ್ನೇ ಬಳಸಿದರೆ ಪ್ಲೇಟಿನ ಗೆರೆ ಸವೆಯುತ್ತದೆಂದು ಅವರ ಕಟ್ಟುನಿಟ್ಟು. ಆದ್ದರಿಂದ ದಿನಕ್ಕೆ ನಾಲ್ಕು ಹಾಡು, ಹಬ್ಬದ ದಿನ ಆರು. ಎದುರು ಮನೆಯ ತೆಲುಗರು, ಪಕ್ಕದ ಓಣಿಯ ತಮಿಳರು, ಕೆಲಸ ಮುಗಿಸಿ ಬಂದ ಹೊಲದಾಳುಗಳು ಎಲ್ಲರೂ ಕುಳಿತು ಕೇಳುತ್ತಿದ್ದರು. ಯಶೋದೆ ಆಡಿಸಿದ ಮಗುವಿನ ಹಾಡು ಯಾವ ಭಾಷೆಯದೆಂದು ಅಂದು ಯಾರೂ ಕೇಳಲಿಲ್ಲ. ಒಂದು ಬದಿಗೆ ಮೂರು ನಿಮಿಷ, ಹೆಚ್ಚೆಂದರೆ ಮೂರೂವರೆ. ಅಷ್ಟರಲ್ಲಿ ಕಾಪಿ ರಾಗ ಬಂದು ಹೋಗಿಬಿಡುತ್ತಿತ್ತು. ಬಂದು ಹೋಗುತ್ತಿತ್ತೆಂದೇ ಎಲ್ಲರೂ ಉಸಿರು ಹಿಡಿದು ಕೇಳುತ್ತಿದ್ದರೋ ಏನೋ.

ಆ ಪೆಟ್ಟಿಗೆ ಏನಾಯಿತೆಂಬುದನ್ನು ಹೇಳದೆ ಮುಂದೆ ಹೋಗುವುದು ಪ್ರಾಮಾಣಿಕತೆಯಲ್ಲ. 1983ರಲ್ಲಿ ನಾವು ಹೊಸೂರಿಗೆ ಮನೆ ಬದಲಾಯಿಸಿದಾಗ ತಂದೆಯವರು ಕಾಲವಾಗಿ ನಾಲ್ಕು ವರ್ಷಗಳಾಗಿದ್ದವು. ಮನೆಗೆ ಟೇಪ್ ರೆಕಾರ್ಡರ್ ಬಂದಿತ್ತು. ಪೆಟ್ಟಿಗೆಯ ಸ್ಪ್ರಿಂಗು ತುಂಡಾಗಿತ್ತು. ಹಳೆಯ ಸಾಮಾನಿಗೆ ಸ್ಟೀಲು ಪಾತ್ರೆ ಕೊಡುವವನು ಬೀದಿಯಲ್ಲಿ ಕೂಗಿದಾಗ, ಪೆಟ್ಟಿಗೆಯನ್ನೂ ನಲವತ್ತಕ್ಕೂ ಹೆಚ್ಚು ಪ್ಲೇಟುಗಳನ್ನೂ ಕೊಟ್ಟು ಒಂದು ಸ್ಟೀಲಿನ ಕೊಳಗವನ್ನೂ ಎರಡು ಲೋಟಗಳನ್ನೂ ಪಡೆದೆವು. ನಾವೇ ಕೊಟ್ಟೆವು, ನಾವೇ ಚೌಕಾಶಿ ಮಾಡಿ ಎರಡನೆಯ ಲೋಟವನ್ನು ಪಡೆದೆವು. ಕೊಳಗ ಇಂದಿಗೂ ನಮ್ಮ ಸ್ನಾನದ ಮನೆಯಲ್ಲಿದೆ.

ಅಂಗಡಿಯವರು ನಾವು ಕೇಳಿದ್ದನ್ನು ಕೇಳಿ, "ಇದೆ ಸಾರ್, ಹುಡುಕಬೇಕು, ಕೂತ್ಕೊಳ್ಳಿ" ಎಂದು ಏಣಿ ಹತ್ತಿದರು. ಅರ್ಧ ಗಂಟೆ ಕಳೆಯಿತು. ಹದಿಮೂರು ವರ್ಷದ ಮೊಮ್ಮಗನಿಗೆ ಬೇಸರವಾಗಿರಬೇಕು. ನಮ್ಮ ಬಾಯಿಂದ ಹಾಡಿನ ಹೆಸರನ್ನು ಕೇಳಿದ್ದನಲ್ಲ, ಕೈಯಲ್ಲಿದ್ದ ಫೋನಿನಲ್ಲಿ ಹುಡುಕಿ, "ತಾತ, ಇದೇನಾ?" ಎಂದು ಹಾಕಿಯೇಬಿಟ್ಟ. ಅದೇ ಕಂಠ. ಅದೇ ಚರಚರ ಸದ್ದು. ನಲವತ್ತು ವರ್ಷಗಳ ಮೇಲೆ ಕೇಳುತ್ತಿದ್ದೆವು. ಸಂತೋಷಪಡಬೇಕಾದ ಗಳಿಗೆಯಲ್ಲಿ ನಮಗಾದದ್ದು ನಾಚಿಕೆ. ಒಬ್ಬ ವಯಸ್ಸಾದ ಮನುಷ್ಯ ಏಣಿಯ ಮೇಲೆ ನಿಂತು ಧೂಳಿನಲ್ಲಿ ನಮಗಾಗಿ ಹುಡುಕುತ್ತಿರುವ ವಸ್ತುವನ್ನು, ಅವರ ಅಂಗಡಿಯಲ್ಲೇ ಕುಳಿತು, ಅವರ ಕಿವಿಗೆ ಬೀಳುವಂತೆ ನಾವು ಬಿಟ್ಟಿಯಾಗಿ ಅನುಭವಿಸುತ್ತಿದ್ದೆವು.

ಅವರು ಮಾತ್ರ ಏಣಿಯ ಮೇಲೆಯೇ ತಲೆ ಓರೆ ಮಾಡಿ ಪೂರ್ತಿ ಕೇಳಿದರು. ಆಮೇಲೆ, "ಯಾರೋ ಸ್ವಲ್ಪ ಜೋರಾಗಿ ತಿರುಗಿಸಿ ಹಾಕ್ಬಿಟ್ಟಿದ್ದಾರೆ. ಶ್ರುತಿ ಏರಿದೆ. ಅಯ್ಯಂಗಾರ್ ಅವರ ಧ್ವನಿ ಇಷ್ಟು ಸಣ್ಣದಲ್ಲ" ಎಂದು ಹೇಳಿ ಮತ್ತೆ ಹುಡುಕಲು ತೊಡಗಿದರು. ಕೋಪವಿರಲಿಲ್ಲ. ವಿದ್ಯಾರ್ಥಿಯ ಕಾಗುಣಿತ ತಿದ್ದುವ ಉಪಾಧ್ಯಾಯನ ಧ್ವನಿಯಿತ್ತು.

ಮೊಮ್ಮಗ ಅವರು ಇಳಿಯುವ ಮೊದಲೇ ಮೆಲ್ಲಗೆ ಕೇಳಿದ: "ಫೋನಲ್ಲೇ ಇದ್ಯಲ್ಲ ತಾತ, ಇದನ್ನ ತಗೊಂಡು ಏನ್ ಮಾಡ್ತೀರಿ? ನಮ್ಮನೇಲಿ ಆ ಪೆಟ್ಟಿಗೇನೂ ಇಲ್ಲ."

ಮೂವತ್ತನಾಲ್ಕು ವರ್ಷ ಪಾಠ ಹೇಳಿದ ನಮಗೆ ಈ ಪ್ರಶ್ನೆಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಬಂದು ಹಲವು ವಾರಗಳಾದ ಮೇಲೂ ಅದನ್ನೇ ಯೋಚಿಸುತ್ತಿದ್ದೇವೆ. ಸಂಚಿಕೆಯ ಸಂಪಾದಕರು ಲೇಖನ ಕೇಳಿದಾಗ ಗಡಿನಾಡಿನ ಶಾಸನಗಳ ಬಗ್ಗೆ ಬರೆಯುವುದಾಗಿ ಒಪ್ಪಿದ್ದೆವು. ಮನಸ್ಸು ಅತ್ತ ಹೋಗಲಿಲ್ಲ, ಅವರು ಕ್ಷಮಿಸಬೇಕು.

ಇಂತಹ ಪ್ರಶ್ನೆಗೆ ಎಲ್ಲರೂ ಕೊಡುವ ಮೊದಲ ಉತ್ತರ, ಪ್ಲೇಟಿನ ನಾದವೇ ಬೇರೆ ಎಂಬುದು. ಅದು ನಿಜವಿರಬಹುದು. ಎಪ್ಪತ್ತು ದಾಟಿದ ನಮ್ಮ ಕಿವಿಗೆ ಆ ವ್ಯತ್ಯಾಸ ತಿಳಿಯುವುದಿಲ್ಲ, ತಿಳಿಯುತ್ತದೆಂದು ನಟಿಸುವ ವಯಸ್ಸೂ ಇದಲ್ಲ. ಎರಡನೆಯದು ನೆನಪು. ನೆನಪು ನಮ್ಮ ಸ್ವಂತ ಸುಖ. ಅದಕ್ಕಾಗಿ ಒಂದು ಅಂಗಡಿ ಲೋಕದಲ್ಲಿ ಉಳಿಯಬೇಕೆಂದು ವಾದಿಸುವ ಹಕ್ಕು ನಮಗಿಲ್ಲ. ಅದರಲ್ಲೂ ಸ್ಟೀಲಿನ ಕೊಳಗ ಪಡೆದವರಿಗೆ ಮೊದಲೇ ಇಲ್ಲ. ಅಂಗಡಿಯವರಿಗೆ ಸಹಾಯವಾಗಲೆಂದು ಕೊಳ್ಳುವುದು ಮೂರನೆಯದು. ಇದು ಮೇಲ್ನೋಟಕ್ಕೆ ಧರ್ಮವಾಗಿ ಕಂಡರೂ ಅವರಿಗೆ ಮಾಡುವ ಅವಮಾನ. ಅವರು ಕೈಚಾಚಿದವರಲ್ಲ. ಸಿನಿಮಾ ಚಿತ್ರೀಕರಣಕ್ಕೆ ಪೆಟ್ಟಿಗೆಗಳನ್ನು ಬಾಡಿಗೆಗೆ ಕೊಡುತ್ತಾರೆ, ರಿಪೇರಿ ಮಾಡುತ್ತಾರೆ, ಸಾಫ್ಟ್‌ವೇರ್ ಕಂಪನಿಗಳ ಹುಡುಗರಿಗೆ ಎಲ್‌ಪಿ ಮಾರುತ್ತಾರೆ. ಆ ಹುಡುಗರಲ್ಲಿ ಅನೇಕರು ವಾಟ್ಸಾಪಿನ ಮೂಲಕವೇ ಕೇಳುತ್ತಾರಂತೆ. ಮುಳುಗಿಸಿದ ನೀರೇ ಅವರನ್ನು ಸ್ವಲ್ಪ ಎತ್ತಿಯೂ ಹಿಡಿದಿದೆ.

ಹೊರಗಿನ ಲೋಕದಲ್ಲೂ ಹೀಗೆಯೇ ನಡೆದಿದೆ. ಅಮೆರಿಕದ ಟವರ್ ರೆಕಾರ್ಡ್ಸ್ ಎಂಬ ಮಹಾ ಮಳಿಗೆಗಳ ಸರಣಿ 2006ರಲ್ಲಿ ಅಲ್ಲಿ ಬಾಗಿಲು ಹಾಕಿತು. ನಮ್ಮಲ್ಲಿ ಮ್ಯೂಸಿಕ್ ವರ್ಲ್ಡ್ 2013ರಲ್ಲಿ ಹೋಯಿತು. ಮುಂಬಯಿಯ ಕಾಲಾ ಘೋಡಾದಲ್ಲಿ ಸ್ವಾತಂತ್ರ್ಯಪೂರ್ವದಿಂದಲೂ ಇದ್ದ ರಿದಮ್ ಹೌಸ್ 2016ರಲ್ಲಿ ಮುಚ್ಚಿತು. ಮದರಾಸಿನ ಮೂರ್ ಮಾರುಕಟ್ಟೆಯಂತೂ ಇದಾವ ಕಾರಣವೂ ಇಲ್ಲದೆ 1985ರಲ್ಲಿ ಬೆಂಕಿಗೆ ಆಹುತಿಯಾಯಿತು. ಹಳೆಯ ಪುಸ್ತಕ, ಹಳೆಯ ಪ್ಲೇಟು ಎಂದರೆ ನಮ್ಮ ಜಿಲ್ಲೆಯವರೂ ರೈಲು ಹತ್ತುತ್ತಿದ್ದುದು ಅಲ್ಲಿಗೇ. ಆದರೆ ಬ್ರಿಟನ್ನಿನ ಕಾರ್ಡಿಫ್ ನಗರದಲ್ಲಿ 1894ರಲ್ಲಿ ತೆರೆದ ಸ್ಪಿಲ್ಲರ್ಸ್ ಎಂಬ ಅಂಗಡಿ ಇನ್ನೂ ವ್ಯಾಪಾರ ಮಾಡುತ್ತಿದೆ. 2022ರಲ್ಲಿ ಅಮೆರಿಕದಲ್ಲಿ ಮಾರಾಟವಾದ ವಿನೈಲ್ ಪ್ಲೇಟುಗಳು ಸುಮಾರು 4 ಕೋಟಿ 10 ಲಕ್ಷ, ಸಿಡಿಗಳು 3 ಕೋಟಿ 30 ಲಕ್ಷ. 1987ರ ಬಳಿಕ ಪ್ಲೇಟು ಸಿಡಿಯನ್ನು ಮೀರಿಸಿದ್ದು ಅದೇ ಮೊದಲು. ದೊಡ್ಡ ಮಳಿಗೆಗಳು ಬಿದ್ದವು, ಎಂಟು ಅಡಿಯ ಅಂಗಡಿಗಳಲ್ಲಿ ಕೆಲವು ಉಳಿದವು. ಬಾಡಿಗೆ, ಸಂಬಳ, ಸಾಲ ಎಲ್ಲವೂ ಕಡಿಮೆಯಿದ್ದುದು ಒಂದು ಕಾರಣ. ಒಳಗೆ ಕುಳಿತವನಿಗೆ ಪ್ರತಿಯೊಂದು ಪ್ಲೇಟಿನ ಹೆಸರೂ ಗೊತ್ತಿದ್ದುದು ಇನ್ನೊಂದು ಕಾರಣವಿರಬೇಕು.

ಮೊಮ್ಮಗನ ಪ್ರಶ್ನೆಗೆ ಮರಳೋಣ. ಫೋನಿನಲ್ಲಿ ಇದೆಯಲ್ಲ ಎಂದನವನು. ಇದೆ, ಸರಿ. ಫೋನಿಗೆ ಅದು ಎಲ್ಲಿಂದ ಬಂತು? ಆಕಾಶದಿಂದ ಇಳಿಯಲಿಲ್ಲ. ಯಾರದೋ ಗೂಡಿನಲ್ಲಿ, ನೆಟ್ಟಗೆ ನಿಲ್ಲಿಸಿ, ನುಸಿಗುಳಿಗೆ ಇಟ್ಟು ಕಾಪಾಡಿದ ಒಂದು ಪ್ಲೇಟಿನಿಂದ ಬಂತು. ನಮ್ಮಂತೆ ಎಲ್ಲರೂ ಕೊಳಗ ಪಡೆದಿದ್ದರೆ ಇಂದು ಫೋನಿನಲ್ಲೂ ಅದು ಇರುತ್ತಿರಲಿಲ್ಲ.

ಈ ದಾರಿಯಲ್ಲಿ ಹಿಂದಕ್ಕೆ ಹೋದಷ್ಟೂ ಕೈಗಳು ಹೆಚ್ಚುತ್ತವೆ. 1902ರ ನವೆಂಬರಿನಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬಾತ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಹಾಡನ್ನು ಮುದ್ರಿಸಿಕೊಂಡ. ಹಾಡಿನ ಕೊನೆಯಲ್ಲಿ ಆಕೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳುತ್ತಿದ್ದರು. ಪ್ಲೇಟು ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿನ ಕೆಲಸಗಾರರಿಗೆ ಇದು ಯಾರ ಹಾಡೆಂದು ತಿಳಿಯಬೇಕಿತ್ತಲ್ಲ! ಕಲ್ಕತ್ತೆಯ ಸಿಯಾಲ್ದಾದಲ್ಲಿ ಕಾರ್ಖಾನೆ ಬಂದದ್ದು 1908ರಲ್ಲಿ. ಹಳೆಯ ಪ್ಲೇಟಿನ ಮುಖ್ಯ ವಸ್ತುವೋ ಅರಗು. ಛೋಟಾನಾಗಪುರದ ಕಾಡುಗಳಲ್ಲಿ ಮುತ್ತುಗ, ಕುಸುಮ, ಬೋರೆ ಮರಗಳ ಕೊಂಬೆಗಳಿಂದ ಬಡ ಆದಿವಾಸಿಗಳು ಬಿಡಿಸಿ ತಂದ ಅರಗು. ಪಾಂಡವರನ್ನು ಸುಡಲು ಮನೆ ಕಟ್ಟಿದ ಪದಾರ್ಥವೇ ನಮ್ಮ ಕಾಲಕ್ಕೆ ಹಾಡನ್ನು ಉಳಿಸಿತು. ಆ ಗೌಹರ್ ಜಾನ್ ಕೊನೆಗೆ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಅರಗು ಬಿಡಿಸಿದ ಹೆಂಗಸಿನಿಂದ ಹಿಡಿದು ಏಣಿಯ ಮೇಲಿನ ಮುದುಕನವರೆಗೆ ಎಷ್ಟೋ ಜನ ಕೈ ದಾಟಿಸಿದ ವಸ್ತು ನಮ್ಮ ಕೈಗೆ ಬರುವಾಗ ಬಿಟ್ಟಿಯಾಗಿ ಕಾಣುತ್ತದೆ. ಬಿಟ್ಟಿಯೆಂದರೆ ಬೆಲೆ ಇಲ್ಲವೆಂದಲ್ಲ, ಬೆಲೆಯನ್ನು ಬೇರೆ ಯಾರೋ ತೆತ್ತಿದ್ದಾರೆಂದು.

ನಮ್ಮ ಹಿರಿಯರು ಇದನ್ನು ಋಣವೆಂದರು. ದೇವಋಣ, ಋಷಿಋಣ, ಪಿತೃಋಣವೆಂದು ಮೂರನ್ನು ಹೇಳಿದರು. ಋಷಿಋಣವನ್ನು ಋಷಿಗೆ ತೀರಿಸಲಾಗದು, ಆತ ಇಲ್ಲ. ಕಲಿತದ್ದನ್ನು ಮುಂದಿನವನಿಗೆ ಕಲಿಸಿಯೇ ತೀರಿಸಬೇಕು. ಇದನ್ನು ನಾವು ತರಗತಿಯಲ್ಲಿ ಎಷ್ಟು ವರ್ಷ ಹೇಳಿದೆವೋ ಲೆಕ್ಕವಿಲ್ಲ. ಆದರೆ ಋಣದ ಮಾತಿನಲ್ಲಿ ಒಂದು ಅಪಾಯವೂ ಇದೆ. ನಾಲ್ಕು ಕಾಸು ಕೊಟ್ಟು ಒಂದು ಪ್ಲೇಟು ತಂದರೆ ಋಣ ತೀರಿತೆಂದು ಎದೆಯುಬ್ಬಿಸಿಕೊಳ್ಳುವ ಅಪಾಯ. ನಮ್ಮ ಲೆಕ್ಕದ ಪುಸ್ತಕ ಅಷ್ಟು ಸಣ್ಣದಲ್ಲ.

ಅದರ ಒಂದು ಪುಟವನ್ನು ಇಲ್ಲಿ ತೆರೆಯುತ್ತೇವೆ. 1978ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ 'ನಿತ್ಯೋತ್ಸವ' ಧ್ವನಿಸುರುಳಿ ಬಂತು. ಕನ್ನಡ ಭಾವಗೀತೆಗಳ ಧ್ವನಿಸುರುಳಿಗಳಲ್ಲಿ ಅದೇ ಮೊದಲನೆಯದು. ಸಹೋದ್ಯೋಗಿಯೊಬ್ಬರು ಬೆಂಗಳೂರಿನಿಂದ ಕೊಂಡು ತಂದರು. ನಾವು ಖಾಲಿ ಕ್ಯಾಸೆಟ್ಟಿಗೆ ಅದನ್ನು ಇಳಿಸಿಕೊಂಡು ಶಾಲೆಯ ವಾರ್ಷಿಕೋತ್ಸವಕ್ಕೆ ಮಕ್ಕಳಿಗೆ ಹಾಡು ಕಲಿಸಿದೆವು. ತಳಿ, ಕೆಲಮಂಗಲ, ಬಾಗಲೂರು ಕಡೆಯ ಕನ್ನಡ ಶಾಲೆಗಳ ಉಪಾಧ್ಯಾಯರು ಕೇಳಿದರು, ಅವರಿಗೂ ಇಳಿಸಿಕೊಟ್ಟೆವು. ಹತ್ತು ಪ್ರತಿಗಳಾದರೂ ನಮ್ಮ ಮನೆಯಿಂದ ಹೊರಟಿರಬೇಕು. 1957ರ ಕೃತಿಸ್ವಾಮ್ಯ ಕಾಯ್ದೆ ಧ್ವನಿಮುದ್ರಿಕೆಗೆ 60 ವರ್ಷಗಳ ರಕ್ಷಣೆ ಕೊಡುತ್ತದೆ. ನಮ್ಮ ತಂದೆಯವರ ಕಾಲದ ಪ್ಲೇಟು ಈಗ ಅದರಿಂದ ಹೊರಗಿದೆ, ಆದ್ದರಿಂದ ಮೊಮ್ಮಗ ಫೋನಿನಲ್ಲಿ ಕೇಳಿದ್ದು ಕಳವಲ್ಲ. ನಾವು ಅಂದು ಮಾಡಿದ್ದು?

ಒಂದು ರೂಪಾಯಿಯ ಅನುದಾನವೂ ಇಲ್ಲದ ಗಡಿಯ ಹಳ್ಳಿ ಶಾಲೆಯಲ್ಲಿ, ಕನ್ನಡದ ಹಾಡು ಕೇಳಲು ಬೇರೆ ದಾರಿಯೇ ಇಲ್ಲದ ಮಕ್ಕಳಿಗೆ ಅದು ತಲುಪಿತು. ಕವಿಗಳು ಕಂಡಿದ್ದರೆ ಬೆನ್ನು ತಟ್ಟುತ್ತಿದ್ದರೆಂದೇ ಇಂದಿಗೂ ನಂಬುತ್ತೇವೆ. ಆ ಪ್ರತಿಗಳ ಬಗ್ಗೆ ನಮಗೆ ಪಶ್ಚಾತ್ತಾಪವಿಲ್ಲ. ಆದರೆ ಹನ್ನೊಂದನೆಯ ಪ್ರತಿಯೊಂದಿತ್ತು. ಅದು ನಮ್ಮ ಸ್ವಂತ ಮನೆಗೆ. ಆಗ ನಮಗೆ ಸಂಬಳ ಬರುತ್ತಿತ್ತು. ಬೆಂಗಳೂರಿಗೆ ತಿಂಗಳಿಗೊಮ್ಮೆ ಹೋಗುತ್ತಿದ್ದೆವು. ಕ್ಯಾಸೆಟ್ಟು ಕೊಳ್ಳಲು ಹಣವಿತ್ತು, ಅಂಗಡಿಯಿತ್ತು. ಕೊಳ್ಳಲಿಲ್ಲ. ಬೇಕೆನಿಸಲೇ ಇಲ್ಲ. ಶಾಲೆಯ ಬಡತನದ ನೆರಳಿನಲ್ಲಿ ನಮ್ಮ ಜಿಪುಣತನ ಸದ್ದಿಲ್ಲದೆ ಕುಳಿತುಕೊಂಡಿತು. ಬಡವನಿಗೆ ಸಲ್ಲುವ ವಿನಾಯಿತಿಯನ್ನು ಉಳ್ಳವನು ಬಳಸಿಕೊಳ್ಳುವಾಗ ಎಷ್ಟು ಸಹಜವಾಗಿ ಬಳಸಿಕೊಳ್ಳುತ್ತಾನೆಂದರೆ, ಅವನಿಗೆ ಅದು ತಿಳಿಯುವುದು ನಲವತ್ತು ವರ್ಷಗಳ ಮೇಲೆ, ಯಾವುದೋ ಓಣಿಯ ಸ್ಟೂಲಿನ ಮೇಲೆ ಕುಳಿತಾಗ.

ಕೊನೆಗೂ ಪ್ಲೇಟು ಸಿಕ್ಕಿತು. ಅಂಗಡಿಯವರು ಇಳಿದು ಬಂದು, ಅದನ್ನು ಬೆಳಕಿಗೆ ಓರೆಯಾಗಿ ಹಿಡಿದು, ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕಿರುವುದನ್ನು ತಾವಾಗಿಯೇ ತೋರಿಸಿದರು. ಬಿರುಕು ಹಾಡಿನ ಗೆರೆಯವರೆಗೆ ಬಂದಿಲ್ಲವೆಂದರು. ಬೆಲೆ ಏಳುನೂರು. ನಮ್ಮ ನಾಲಗೆ ನಮ್ಮನ್ನು ಕೇಳದೆಯೇ "ಐನೂರು ಮಾಡಿಕೊಳ್ಳಿ" ಎಂದಿತು. ಅವರು ಆರುನೂರಕ್ಕೆ ಒಪ್ಪಿದರು. ಎರಡನೆಯ ಲೋಟದ ನೆನಪು ಬಂತು.

ಹಣ ಕೊಡುತ್ತ ನಾವು, ಇಂತಹ ಅಂಗಡಿಗಳು ಉಳಿಯಬೇಕು, ನೀವು ಮಾತ್ರ ಇದನ್ನು ಮುಚ್ಚಬಾರದು ಎಂದು ವಿದಾಯದ ಮಾತಾಡಿದೆವು. ಸಭೆಗಳಲ್ಲಿ ಮಾತಾಡಿ ಅಭ್ಯಾಸವಾದವರಿಗೆ ಇಂತಹ ಮಾತು ತಾನಾಗಿ ಬರುತ್ತದೆ. ಅವರು ಪ್ಲೇಟನ್ನು ದಿನಪತ್ರಿಕೆಯಲ್ಲಿ ಸುತ್ತಿ ದಾರ ಕಟ್ಟುತ್ತಿದ್ದರು. ತಲೆ ಎತ್ತದೆ ಹೇಳಿದರು: "ಬರೋರೆಲ್ಲ ಅಂಗಡಿ ಮುಚ್ಚಬೇಡಿ ಅಂತಾರೆ ಸಾರ್. ತಗೊಳ್ಳೋರು ಹಾಗನ್ನಲ್ಲ. ತಗೊಂಡು ಹೋಗ್ತಾರೆ."

ಚುಚ್ಚಲು ಆಡಿದ ಮಾತಲ್ಲ. ಮಳೆ ಬರಬಹುದೆಂದು ಹೇಳುವಂತೆ ಹೇಳಿದರು. ಆದರೆ ಕಲಾಸಿಪಾಳ್ಯದಲ್ಲಿ ಬಸ್ಸು ಹತ್ತಿ, ಅತ್ತಿಬೆಲೆಯ ಗಡಿ ದಾಟಿ, ಸಿಪ್ಕಾಟಿನ ಕಾರ್ಖಾನೆಗಳು ಕಾಣುವವರೆಗೂ ಆ ಮಾತು ನಮ್ಮನ್ನು ಬಿಡಲಿಲ್ಲ. ಏಕೆಂದರೆ ಅದು ಪ್ಲೇಟಿನ ವಿಷಯವಾಗಿ ಮಾತ್ರ ಉಳಿಯಲಿಲ್ಲ.

ಈ ಸಂಚಿಕೆಯ ವಾಚಕರಲ್ಲಿ ಅನೇಕರು ನಮ್ಮ ಭಾಷಣಗಳನ್ನು ಕೇಳಿದ್ದೀರಿ. ನಿವೃತ್ತರಾದ 2008ರಿಂದ ಈಚೆಗೆ ರಾಜ್ಯೋತ್ಸವವಿರಲಿ, ಸಾಹಿತ್ಯ ಸಮಾವೇಶವಿರಲಿ, ನಾವು ಹೇಳುವುದು ಒಂದೇ: ಗಡಿನಾಡಿನ ಕನ್ನಡ ಶಾಲೆಗಳು ಉಳಿಯಬೇಕು. 1956ರಲ್ಲಿ ರಾಜ್ಯಗಳು ಭಾಷೆಯ ಮೇಲೆ ಹಂಚಿಕೆಯಾದಾಗ ಹೊಸೂರು ಮದರಾಸು ರಾಜ್ಯದಲ್ಲಿ ಉಳಿಯಿತು. ಸೇಲಂ ಜಿಲ್ಲೆಯಲ್ಲಿದ್ದೆವು, 1965ರಲ್ಲಿ ಧರ್ಮಪುರಿಯವರಾದೆವು, 2004ರಲ್ಲಿ ಕೃಷ್ಣಗಿರಿಯವರಾದೆವು. ಜಿಲ್ಲೆಯ ಹೆಸರು ಬದಲಾದರೂ ಮನೆಯ ಮಾತು ಬದಲಾಗಲಿಲ್ಲ. 2006ರ ತಮಿಳು ಕಲಿಕಾ ಕಾಯ್ದೆಯ ನಂತರ ನಮ್ಮ ಮಕ್ಕಳ ಭಾರ ಹೆಚ್ಚಿದ್ದು ಎಲ್ಲರಿಗೂ ತಿಳಿದದ್ದೇ, ಅದು ಬೇರೊಂದು ಲೇಖನದ ವಿಷಯ. ನಾವು ಸರಕಾರವನ್ನು ದೂರಿದ್ದೇವೆ, ಇಲಾಖೆಯನ್ನು ದೂರಿದ್ದೇವೆ, ಹಾಜರಿ ಪುಸ್ತಕದಲ್ಲಿ ಹೆಸರುಗಳು ಕಡಿಮೆಯಾಗುತ್ತಿರುವುದನ್ನು ಹೇಳಿ ಪೋಷಕರನ್ನು ದೂರಿದ್ದೇವೆ. ದೂರಿನಲ್ಲಿ ಸುಳ್ಳಿರಲಿಲ್ಲ.

ಹೇಳದೆ ಉಳಿಸಿಕೊಂಡದ್ದು ಒಂದಿತ್ತು. ನಾವು ಕನ್ನಡ ಮಾಧ್ಯಮದ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಕಾಲದಲ್ಲೇ ನಮ್ಮ ಮಗನನ್ನು ಇಂಗ್ಲಿಷ್ ಶಾಲೆಗೆ ಸೇರಿಸಿದೆವು. ಬೆಳಗ್ಗೆ ಅವನನ್ನು ಆ ಶಾಲೆಯ ಬಾಗಿಲಲ್ಲಿ ಇಳಿಸಿ, ಅದೇ ಸೈಕಲ್ಲಿನಲ್ಲಿ ನಮ್ಮ ಶಾಲೆಗೆ ಹೋಗಿ, ಕನ್ನಡ ಶಾಲೆಗೆ ಮಕ್ಕಳನ್ನು ಕಳುಹಿಸಿರೆಂದು ಊರಿನ ರೈತರಿಗೆ ಹೇಳುತ್ತಿದ್ದೆವು. ಒಬ್ಬ ರೈತನಾದರೂ ನಿಮ್ಮ ಮಗ ಎಲ್ಲಿ ಓದುತ್ತಾನೆ ಮೇಷ್ಟ್ರೇ ಎಂದು ಕೇಳಲಿಲ್ಲ. ಗೊತ್ತಿಲ್ಲದೆ ಅಲ್ಲ, ಮರ್ಯಾದೆಗೆ. ಆ ಮರ್ಯಾದೆಯ ಮರೆಯಲ್ಲಿ ನಾವು ನಿವೃತ್ತಿಯವರೆಗೂ ಬಂದೆವು.

ಮಾಡಿದ್ದು ತಪ್ಪೇ? ಇದನ್ನು ನಾವು ಸುಲಭವಾಗಿ ಒಪ್ಪಿಕೊಳ್ಳಲಾರೆವು. ಮಗ ಬೆಂಗಳೂರಿನ ಕಂಪನಿಯೊಂದರಲ್ಲಿ ಒಳ್ಳೆಯ ಕೆಲಸದಲ್ಲಿದ್ದಾನೆ. ನಮ್ಮ ಶಾಲೆಯಲ್ಲಿ ಅವನಿಗಿಂತ ಚುರುಕಾಗಿದ್ದ ಹುಡುಗರು ಕೆಲವರು ಇಂದು ಗುಲಾಬಿ ತೋಟಗಳಲ್ಲಿ, ಕಾರ್ಖಾನೆಗಳ ಬಾಗಿಲುಗಳಲ್ಲಿ ಕೂಲಿಗಿದ್ದಾರೆ. ಭಾಷೆ ಉಳಿಯಲೆಂದು ಮಗುವಿನ ಬದುಕನ್ನು ಪಣಕ್ಕಿಡುವ ಅಧಿಕಾರ ತಂದೆಗೆ ಇದೆಯೇ? ನಮಗೆ ಇದೆಯೆನಿಸುವುದಿಲ್ಲ. ಮಗು ಯಾವ ಕಾರ್ಯದ ಸಾಧನವೂ ಅಲ್ಲ, ಕನ್ನಡದ ಕಾರ್ಯದ್ದೂ ಅಲ್ಲ. ಇಷ್ಟರವರೆಗೆ ನಮ್ಮ ಮನಸ್ಸು ಸ್ಪಷ್ಟವಾಗಿದೆ.

ಆದರೆ ಆ ರೈತನಿಗೂ ಮಗನಿದ್ದ. ಅವನ ಮಗನೂ ಸಾಧನವಲ್ಲ. ನಮ್ಮ ಮಗನಿಗೆ ಬೇಡವೆಂದುಕೊಂಡ ಬೆಲೆಯನ್ನು ಅವನ ಮಗ ತೆರಲಿ ಎಂದು ನಾವು ಕೇಳಿದೆವಲ್ಲ, ಅದೂ ಭಾಷೆಯ ಹೆಸರಿನಲ್ಲಿ, ನೀತಿಯ ಧ್ವನಿಯಲ್ಲಿ. ತಪ್ಪು ಇಲ್ಲಿದೆ. ಅಂಗಡಿ ಮುಚ್ಚಬೇಡಿ ಎನ್ನುವುದು ತಪ್ಪಲ್ಲ. ಖಾಲಿ ಕೈಯಲ್ಲಿ ನಿಂತು, ಕೊಳ್ಳುವ ಹೊಣೆ ಇನ್ನೊಬ್ಬ ಗಿರಾಕಿಯದೆಂದುಕೊಂಡು ಅದನ್ನು ಹೇಳುವುದರಲ್ಲಿ ಮೋಸವಿದೆ. ಇಂಗ್ಲಿಷ್ ಶಾಲೆಗೆ ಕಳುಹಿಸಿಯೂ ಸಂಜೆ ಅರ್ಧ ಗಂಟೆ ಕನ್ನಡ ಓದಲು ಬರೆಯಲು ಕಲಿಸಬಹುದಿತ್ತು. ಅದಕ್ಕೆ ಮಗನ ಭವಿಷ್ಯ ಅಡ್ಡ ಬರುತ್ತಿರಲಿಲ್ಲ. ಬೇರೆಯವರ ಮಕ್ಕಳ ಕಾಪಿ ಪುಸ್ತಕಗಳನ್ನು ತಿದ್ದಿ ದಣಿದಿದ್ದೇವೆಂದು ಮುಂದೂಡಿದೆವು. ಮುಂದೂಡಿದ್ದು ಮುಗಿದೇಹೋಯಿತು. ಮಗ ಕನ್ನಡ ಪತ್ರಿಕೆಯ ತಲೆಬರಹಗಳನ್ನು ಕೂಡಿಸಿ ಓದುತ್ತಾನೆ. ಅವನ ಮಗ ಮಾತಾಡುತ್ತಾನೆ, ಅಕ್ಷರ ಬಾರದು.

ಇದು ನಮಗೆ ತೀರ ಹತ್ತಿರದಿಂದ ತಿಳಿದದ್ದು ಅಂದು ರಾತ್ರಿ. ಮನೆಯಲ್ಲಿ ಪ್ಲೇಟಿನ ಸುತ್ತು ಬಿಚ್ಚಿದಾಗ, ಒಳಗಿನ ಕಂದು ಕಾಗದದ ಚೀಲದ ಮೇಲೆ ಹಳೆಯ ಯಜಮಾನರು ಯಾರೋ ಪೆನ್ಸಿಲಿನಲ್ಲಿ ಒಂದು ಸಾಲು ಬರೆದಿಟ್ಟಿದ್ದರು. ದುಂಡನೆಯ, ಕಾಗುಣಿತ ತಪ್ಪದ ಅಕ್ಷರ. ಮೊಮ್ಮಗ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, "ಏನ್ ಬರ್ದಿದೆ ತಾತ?" ಎಂದ. ತಮಿಳು ಓದುತ್ತಾನೆ, ಇಂಗ್ಲಿಷ್ ಓದುತ್ತಾನೆ, ಹಿಂದಿಯೂ ಸ್ವಲ್ಪ ಬರುತ್ತದೆ. ತನ್ನ ಅಜ್ಜ ಮೂವತ್ತನಾಲ್ಕು ವರ್ಷ ಕಲಿಸಿದ ಅಕ್ಷರಗಳು ಅವನಿಗೆ ಪ್ಲೇಟಿನ ಗೆರೆಗಳಷ್ಟೇ ಅರ್ಥವಾಗುತ್ತಿದ್ದವು. ಅದರೊಳಗೆ ಏನೋ ಇದೆಯೆಂದು ಗೊತ್ತು, ಕೇಳಿಸಲು ಪೆಟ್ಟಿಗೆಯಿಲ್ಲ. 'ಮಕ್ಕಳಿಗೆ ಕೊಡಬಾರದು, ಹೊಸ ಮುಳ್ಳು ಹಾಕಿಯೇ ನುಡಿಸತಕ್ಕದ್ದು' ಎಂದಿತ್ತು. ಓದಿ ಹೇಳಿದೆವು. ನಕ್ಕ. 'ಮ' ಯಾವುದು, ಒತ್ತಕ್ಷರ ಏಕೆ ಕೆಳಗೆ ಹೋಗುತ್ತದೆ ಎಂದು ಕೇಳಿದ. ತೋರಿಸಿದೆವು. ಅಂದು ತೋರಿಸಿದ್ದು ಎರಡು ಅಕ್ಷರ. ಮರುದಿನ ಅವನಿಗೆ ಪರೀಕ್ಷೆಯಿತ್ತು, ಅದರ ಮರುದಿನ ನಮಗೆ ಸಂಘದ ಸಭೆ. ಈಗ ಭಾನುವಾರಗಳಂದು ಕೂರುತ್ತೇವೆ. ಕಾಗುಣಿತದಲ್ಲಿ 'ಟ'ಕಾರದವರೆಗೆ ಬಂದಿದ್ದೇವೆ. ಅವನಿಗೆ ಇದು ಇಷ್ಟವಾಗಿದೆಯೆಂದು ಹೇಳಲಾರೆವು, ಅಜ್ಜನಿಗೆ ಬೇಸರವಾಗದಿರಲೆಂದು ಕೂರುವಂತೆಯೂ ಕಾಣುತ್ತದೆ.

ಪ್ಲೇಟು ನಮ್ಮ ಕಪಾಟಿನಲ್ಲಿ ನಿಘಂಟಿನ ಪಕ್ಕದಲ್ಲಿ, ನೆಟ್ಟಗೆ ನಿಂತಿದೆ. ಕಳೆದ ವಾರ ಅಂಗಡಿಯವರು ಫೋನ್ ಮಾಡಿದ್ದರು. ಯಾರದೋ ಮನೆಯಿಂದ ಪೆಟ್ಟಿಗೆಯೊಂದು ಬಂದಿದೆಯಂತೆ, ಸ್ಪ್ರಿಂಗು ಬದಲಾಯಿಸಿ ಕೊಟ್ಟರೆ ಒಂಬತ್ತು ಸಾವಿರವಾಗುತ್ತದಂತೆ. ಪಿಂಚಣಿದಾರನಿಗೆ ಇದು ಸಣ್ಣ ಮೊತ್ತವಲ್ಲ, ಮನೆಯವರು ಒಪ್ಪಿದ್ದಾರೆಂದೂ ಹೇಳಲಾಗದು. ಚೌಕಾಶಿ ಮಾಡಲಿಲ್ಲ. ಎರಡು ಸಾವಿರ ಮುಂಗಡವನ್ನು ಮೊಮ್ಮಗನೇ ತನ್ನ ತಂದೆಯ ಫೋನಿನಿಂದ ಕಳುಹಿಸಿದ. ಉಳಿದದ್ದನ್ನು ಮುಂದಿನ ತಿಂಗಳು ಪಿಂಚಣಿ ಬಂದ ಮೇಲೆ ಕೈಯಲ್ಲಿ ಕೊಂಡುಹೋಗಿ ಕೊಡಬೇಕು. ಮುಳ್ಳಿನ ಡಬ್ಬಿ ಎರಡಾದರೂ ತರಬೇಕೆಂದು, ಚೀಲದ ಮೇಲಿನ ಸಾಲನ್ನು ತೋರಿಸಿ, ಅವನೇ ನೆನಪಿಸಿದ್ದಾನೆ.